ಪಾರ್ಸೆಲ್ ಡಬ್ಬದಲ್ಲಿ ಟರಾಂಟುಲಾಗೆ ಮನೆ: ಅಳತೆಯಿಂದ ಮುಚ್ಚಳದವರೆಗೆ, ಹಂತ ಹಂತವಾಗಿ

ಹೋದ ವಾರ ಟರಾಂಟುಲಾ, ಅಂದರೆ ಮೈತುಂಬ ಕೂದಲಿನ ದೊಡ್ಡ ಜೇಡ, ಸಾಕುವ ಒಬ್ಬ ಹುಡುಗ ಫೋಟೋ ಕಳಿಸಿದ್ದ. ಐಸ್‌ಕ್ರೀಮ್ ಡಬ್ಬ. ಮುಚ್ಚಳದಲ್ಲಿ ನಾಲ್ಕು ದೊಡ್ಡ ತೂತು. ಒಳಗೆ ಎರಡು ಬೆರಳಷ್ಟು ಒದ್ದೆ ಮಣ್ಣು, ಗೋಡೆ ತುಂಬ ನೀರಿನ ಹನಿ. "ಅಣ್ಣಾ, ಮೂರು ದಿನದಿಂದ ಜೇಡ ಮುಚ್ಚಳಕ್ಕೇ ಅಂಟಿಕೊಂಡಿದೆ, ಕೆಳಗೆ ಇಳೀತಾನೇ ಇಲ್ಲ" ಅಂತ ಕೇಳಿದ. ಈ ಫೋಟೋ ನನಗೆ ಹೊಸದಲ್ಲ. ಡಬ್ಬ ಬೇರೆ, ಊರು ಬೇರೆ, ತಪ್ಪು ಮಾತ್ರ ಅದೇ.

ಎಲ್ಲರೂ ಮೊದಲು ಮನೆಯಲ್ಲಿರುವ ಯಾವುದೋ ಡಬ್ಬ ಎತ್ತಿಕೊಳ್ಳುತ್ತಾರೆ, ಆಮೇಲೆ ಜೇಡವನ್ನು ಅದರೊಳಗೆ ಹೊಂದಿಸಲು ನೋಡುತ್ತಾರೆ. ಕೆಲಸ ಕೆಡುವುದು ಅಲ್ಲೇ. ಮೊದಲು ಜೇಡದ ಅಳತೆ. ಆಮೇಲೆ ಡಬ್ಬ, ತೂತು, ಮುಚ್ಚಳದ ಪರೀಕ್ಷೆ, ಮಣ್ಣು. ಒಂದು ವಾರ ಖಾಲಿ ಇಟ್ಟು ನೋಡುವುದು. ಜೇಡ ಒಳಗೆ ಹೋಗುವುದು ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ಬಿಡಬೇಡಿ. ಮಣ್ಣು ತುಂಬಿದ ಮೇಲೆ ತೂತು ನೆನಪಾದರೆ ಎಲ್ಲವನ್ನೂ ಸುರಿದು ಮತ್ತೆ ಮೊದಲಿಂದ ಶುರು ಮಾಡಬೇಕಾಗುತ್ತದೆ.

## ಶುರು ಮಾಡುವ ಮುಂಚೆ ಒಂದು ಮಾತು

ತೋಟದಿಂದಲೋ ಕಾಡಿನಿಂದಲೋ ಜೇಡ ಹಿಡಿದು ತರಬೇಡಿ. ನಮ್ಮ ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿ ಪೆಸಿಲೋಥೀರಿಯಾ ಅನ್ನುವ ಗುಂಪಿನ ಟರಾಂಟುಲಾಗಳಿವೆ. ಅದರಲ್ಲಿ ಒಂದಕ್ಕೆ ಇಂಗ್ಲಿಷಿನಲ್ಲಿ ಮೈಸೂರಿನ ಹೆಸರೇ ಇದೆ, ಪೆಸಿಲೋಥೀರಿಯಾ ಸ್ಟ್ರಯಾಟಾ. ಈ ಗುಂಪು ಪೂರ್ತಿಯಾಗಿ 2019ರಿಂದ ಸೈಟಿಸ್ ಒಪ್ಪಂದದ (ಕಾಡಿನ ಪ್ರಾಣಿ, ಗಿಡಗಳ ವಿದೇಶ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿದೆ. ಮೆಕ್ಸಿಕೋದ ಕೆಂಪು ಮೊಣಕಾಲಿನ ಬ್ರಾಕಿಪೆಲ್ಮಾ ಕೂಡ ಅದೇ ಪಟ್ಟಿಯಲ್ಲಿದೆ.

ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿ ಮನೆಯಲ್ಲಿದ್ದರೆ ಅದರ ಪ್ರಕಾರ ನೋಂದಣಿ ಆಗಬೇಕು. ಹಾಗಾಗಿ ಡಬ್ಬಕ್ಕಿಂತ ಮೊದಲು ಕಾಗದಪತ್ರ ಸರಿ ಮಾಡಿಕೊಳ್ಳಿ. ಮಾರುವವನು "ಏನೂ ಬೇಡ ಸಾರ್, ತಗೊಂಡು ಹೋಗಿ" ಅಂದರೆ ಬರಿಗೈಯಲ್ಲಿ ವಾಪಸ್ ಬನ್ನಿ.

ಈ ಬರಹದಲ್ಲಿ ನಾನು ಉದಾಹರಣೆಗೆ ಇಟ್ಟುಕೊಂಡಿರುವುದು ಗ್ರಾಮೊಸ್ಟೋಲಾ ಪುಲ್ಕ್ರಿಪೆಸ್. ದಕ್ಷಿಣ ಅಮೆರಿಕದ್ದು, ನೆಲದ ಮೇಲೆ ಬದುಕುವ ಜೇಡ, ನಿಧಾನಕ್ಕೆ ಬೆಳೆಯುತ್ತದೆ, ಸ್ವಭಾವ ಶಾಂತ. ಮರ ಹತ್ತುವ ಜೇಡಕ್ಕೆ ಡಬ್ಬ ಬೇರೆ ಥರ ಇರಬೇಕು, ಅದನ್ನು ಕೊನೆಯ ಹತ್ತಿರ ಹೇಳಿದ್ದೇನೆ.

## ಬೇಕಾಗುವ ಸಾಮಾನು

ಸೋಲ್ಡರಿಂಗ್ ಐರನ್ ಒಂದು, 25 ವ್ಯಾಟಿನದು ಸಾಕು. ಅದಿಲ್ಲದಿದ್ದರೆ ಒಂದು ದಬ್ಬಣ, ಒಂದು ಸಣ್ಣ ಸೂಜಿ, ಹಿಡಿಯೋಕೆ ಇಕ್ಕಳ, ಒಂದು ಮೇಣದ ಬತ್ತಿ. ಜೊತೆಗೆ ಸ್ಯಾಂಡ್ ಪೇಪರ್, ಸ್ಕೇಲ್, ಮಾರ್ಕರ್ ಪೆನ್, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ನೀರಿನ ಬಾಟಲಿಯ ಮುಚ್ಚಳ, ಅರ್ಧ ತೆಂಗಿನ ಕರಟ, ಮೆತ್ತನೆಯ ಪೇಂಟ್ ಬ್ರಷ್, ಒಂದು ಪಾರದರ್ಶಕ ಲೋಟ, ಕೈಗವಸು.

ಪವರ್ ಡ್ರಿಲ್ ಬೇಡ. ತೆಳು ಡಬ್ಬಕ್ಕೆ ಡ್ರಿಲ್ ಹಿಡಿದರೆ ಹತ್ತರಲ್ಲಿ ನಾಲ್ಕು ಸಲ ಸೀಳುತ್ತದೆ. ನನ್ನ ಮೊದಲನೇ ಡಬ್ಬ ಹೋಗಿದ್ದು ಹಾಗೇ. ಬೇಕರಿಯ ಪೇಸ್ಟ್ರಿ ಡಬ್ಬ, ಮೂರನೇ ತೂತಿಗೆ ಟಪ್ ಅಂತ ಬಿರುಕು ಬಿಟ್ಟು ಅಂಚಿನವರೆಗೂ ಓಡಿತು.

## ಹಂತ 1: ಜೇಡವನ್ನು ಅಳೆಯಿರಿ

ಅಳೆಯಬೇಕಾದ್ದು ಕಾಲಿನ ಹರವು. ಮುಂದಿನ ಎಡಗಾಲಿನ ತುದಿಯಿಂದ ಹಿಂದಿನ ಬಲಗಾಲಿನ ತುದಿಯವರೆಗೆ, ಓರೆಯಾಗಿ. ಇದಕ್ಕೆ ಜೇಡವನ್ನು ಹಿಡಿದು ಎಳೆಯಬೇಕಾಗಿಲ್ಲ. ಅದು ಸುಮ್ನೆ ಕೂತಾಗ ಡಬ್ಬದ ಹೊರಗೆ ಸ್ಕೇಲ್ ಹಿಡಿದು ಒಂದು ಫೋಟೋ ತೆಗೆಯಿರಿ, ಸಾಕು.

ನೆಲದ ಜೇಡಕ್ಕೆ ಲೆಕ್ಕ ಹೀಗೆ. ಡಬ್ಬದ ಉದ್ದ ಹರವಿನ ಮೂರು ಪಟ್ಟು, ಅಗಲ ಎರಡು ಪಟ್ಟು. ಮಣ್ಣಿನ ಮೇಲ್ಭಾಗದಿಂದ ಮುಚ್ಚಳದವರೆಗೆ ಇರುವ ಖಾಲಿ ಜಾಗ ಹರವಿನ ಒಂದೂವರೆ ಪಟ್ಟು ಮೀರಬಾರದು.

ಈ ಕೊನೆಯ ಅಳತೆಯನ್ನೇ ಜನ ಮರೆಯೋದು. ನೆಲದ ಟರಾಂಟುಲಾ ಭಾರಿ ಮೈಯದು. ಗೋಡೆ ಹತ್ತುತ್ತದೆ, ಆದರೆ ಬೀಳೋದೂ ಜಾಸ್ತಿ. ಅದರ ಹೊಟ್ಟೆಯ ಚರ್ಮ ಬಲೂನಿನಷ್ಟು ತೆಳು. ಎತ್ತರದಿಂದ ಕರಟದ ಅಂಚಿನ ಮೇಲೆ ಬಿದ್ದರೆ ಹೊಟ್ಟೆ ಒಡೆದು ಒಳಗಿನ ದ್ರವ ಸೋರುತ್ತದೆ, ಆಮೇಲೆ ಉಳಿಯೋದು ಕಷ್ಟ. ಎತ್ತರದ ಡಬ್ಬ, ತಳದಲ್ಲಿ ಎರಡು ಬೆರಳು ಮಣ್ಣು ಅನ್ನುವ ಜೋಡಿ ಅದಕ್ಕೇ ಅಪಾಯ.

ನಮ್ಮ ಉದಾಹರಣೆಯ ಜೇಡದ ಹರವು 5 ಸೆಂ.ಮೀ. ಅಂದುಕೊಳ್ಳಿ. ಉದ್ದ 15, ಅಗಲ 10 ಸೆಂ.ಮೀ. ಬೇಕು. ಮೇಲೆ ಖಾಲಿ ಜಾಗ ಹೆಚ್ಚೆಂದರೆ 7 ಸೆಂ.ಮೀ., ಕೆಳಗೆ ಮಣ್ಣು 6 ಸೆಂ.ಮೀ. ಅಂದರೆ ಸುಮಾರು 13 ಸೆಂ.ಮೀ. ಎತ್ತರದ, ಎರಡು ಲೀಟರ್ ಹಿಡಿಸುವ ಡಬ್ಬ.

## ಹಂತ 2: ಡಬ್ಬ ಆರಿಸಿ

ಡಬ್ಬವನ್ನು ಬೋರಲು ಹಾಕಿ ತಳ ನೋಡಿ. ತ್ರಿಕೋನದ ಗುರುತಿನೊಳಗೆ ಒಂದು ಅಂಕೆ ಇರುತ್ತದೆ.

ಅಂಕೆ 5 ಇದ್ದರೆ ಅದು ಪಾಲಿಪ್ರೊಪಿಲೀನ್. ಹೋಟೆಲಿನ ಬಿರಿಯಾನಿ ಪಾರ್ಸೆಲ್ ಡಬ್ಬ, ಸಾಂಬಾರ್ ಕಪ್ ಬಹುಪಾಲು ಇದೇ. ಸ್ವಲ್ಪ ಮಂಜು ಮಂಜಾಗಿ ಕಾಣುತ್ತದೆ, ಆದರೆ ಬಗ್ಗುತ್ತದೆ, ಸೀಳುವುದಿಲ್ಲ, ಬಿಸಿ ಸೂಜಿಗೆ ಬೆಣ್ಣೆಯ ಹಾಗೆ ಬಿಟ್ಟುಕೊಡುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದಿಲ್ಲ.

ಅಂಕೆ 1 ಇದ್ದರೆ ಪೆಟ್. ಚಕ್ಕುಲಿ, ಖಾರಾಬೂಂದಿ, ಒಣದ್ರಾಕ್ಷಿ ಬರುವ ತಿರುಪಿನ ಮುಚ್ಚಳದ ಜಾರ್ ಇದರದ್ದು. ಗಾಜಿನ ಹಾಗೆ ಕಾಣುತ್ತದೆ. ತೂತು ನಿಧಾನವಾಗಿ ಹಾಕಬೇಕು. ಕುದಿಯುವ ನೀರು ಸುರಿದರೆ ಮುದುಡಿಹೋಗುತ್ತದೆ.

ಅಂಕೆ 6 ಇದ್ದರೆ ಪಾಲಿಸ್ಟೈರೀನ್. ಉಗುರಿನಲ್ಲಿ ತಟ್ಟಿದರೆ ಟಣ್ ಅನ್ನುತ್ತದೆ. ನನ್ನ ಪೇಸ್ಟ್ರಿ ಡಬ್ಬ ಇದೇ ಜಾತಿ. ಸೀಳುತ್ತದೆ, ಕಾಯಿಸಿದರೆ ಬರುವ ಹೊಗೆಯೂ ಕೆಟ್ಟದ್ದು. ಇದನ್ನು ಪಕ್ಕಕ್ಕಿಡಿ.

ಮರಿಗೆ ಎಷ್ಟು ದೊಡ್ಡ ಡಬ್ಬ? ಹರವು 2 ಸೆಂ.ಮೀ. ಒಳಗಿದ್ದರೆ ಚಟ್ನಿ ಕೊಡುವ ಪುಟ್ಟ ಕಪ್ ಸಾಕು. "ಪಾಪ, ಇಷ್ಟು ಚಿಕ್ಕದಾ?" ಅಂತ ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟೇ. ಮರಿ ದೊಡ್ಡ ಡಬ್ಬದಲ್ಲಿ ಕಳೆದುಹೋಗುತ್ತದೆ, ತಿಂದಿದೆಯೋ ಇಲ್ಲವೋ ನಿಮಗೂ ಗೊತ್ತಾಗುವುದಿಲ್ಲ. ಹರವು 3ರಿಂದ 4 ಸೆಂ.ಮೀ. ಆದಾಗ ಅರ್ಧ ಲೀಟರಿನ ಪಾರ್ಸೆಲ್ ಡಬ್ಬ. ಪೂರ್ತಿ ಬೆಳೆದ ಪುಲ್ಕ್ರಿಪೆಸ್ ಹರವು 18 ಸೆಂ.ಮೀ.ವರೆಗೂ ಹೋಗುತ್ತದೆ. ಅಷ್ಟು ದೊಡ್ಡದಕ್ಕೆ ಊಟದ ಡಬ್ಬ ಸಾಲದು, ಬಟ್ಟೆ ಇಡುವ ಪ್ಲಾಸ್ಟಿಕ್ ಪೆಟ್ಟಿಗೆಯೇ ಬೇಕು.

ಗೊಬ್ಬರದ, ಫಿನಾಯಿಲಿನ, ಕೀಟನಾಶಕದ ಡಬ್ಬ ಎಷ್ಟು ತೊಳೆದರೂ ಬೇಡ.

## ಹಂತ 3: ತೊಳೆಯಿರಿ, ಮೂಸಿ ನೋಡಿ

ಪಾತ್ರೆ ತೊಳೆಯುವ ಲಿಕ್ವಿಡ್, ಉಗುರುಬೆಚ್ಚಗಿನ ನೀರು. ಮುಚ್ಚಳದ ಅಂಚಿನ ಕಾಲುವೆಯಲ್ಲಿ ಎಣ್ಣೆ ಕೂತಿರುತ್ತದೆ, ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ. ಸೋಪಿನ ನೊರೆ ಪೂರ್ತಿ ಹೋಗುವವರೆಗೆ ಮೂರು ನಾಲ್ಕು ಸಲ ಜಾಲಿಸಿ, ನೆರಳಲ್ಲಿ ಒಣಗಿಸಿ.

ಆಮೇಲೆ ಮುಚ್ಚಳ ಹಾಕಿ ಒಂದು ದಿನ ಇಡಿ. ಮರುದಿನ ತೆಗೆದ ಕೂಡಲೇ ಮೂಸಿ ನೋಡಿ. ಉಪ್ಪಿನಕಾಯಿ ಡಬ್ಬ ಇಲ್ಲೇ ಫೇಲ್ ಆಗೋದು. ಎಣ್ಣೆ ಮತ್ತು ಇಂಗಿನ ವಾಸನೆ ಆ ಪ್ಲಾಸ್ಟಿಕ್ಕಿನೊಳಗೇ ಇಳಿದಿರುತ್ತದೆ. ಅಂಥದ್ದನ್ನು ಗಿಡಕ್ಕೆ ಕೊಡಿ. ಅರಿಸಿನದ ಕಲೆ ಇದ್ದು ವಾಸನೆ ಇಲ್ಲದಿದ್ದರೆ ತೊಂದರೆ ಇಲ್ಲ, ನೋಡೋಕೆ ಚಂದ ಇರಲ್ಲ ಅಷ್ಟೆ.

## ಹಂತ 4: ತೂತು ಹಾಕುವುದು

ಹೆಚ್ಚಿನ ಜೇಡಗಳು ಸಾಯುವುದೂ, ತಪ್ಪಿಸಿಕೊಳ್ಳುವುದೂ ಈ ಹಂತದ ತಪ್ಪಿನಿಂದ. ಆತುರ ಬೇಡ.

ಎಷ್ಟು ದೊಡ್ಡ ತೂತು? ಟರಾಂಟುಲಾದ ಹೊಟ್ಟೆ ಹಿಸುಕಿದರೆ ಸಣ್ಣದಾಗುತ್ತದೆ. ಕಾಲು ಹೊರಡುವ ಮುಂದಿನ ಗಟ್ಟಿ ಚಿಪ್ಪು ಮಾತ್ರ ಸಣ್ಣದಾಗುವುದಿಲ್ಲ. ಆ ಚಿಪ್ಪು ತೂರಿದರೆ ಜೇಡ ಪೂರ್ತಿ ತೂರುತ್ತದೆ. ಹಾಗಾಗಿ ತೂತು ಚಿಪ್ಪಿನ ಅಗಲಕ್ಕಿಂತ ಚೆನ್ನಾಗಿ ಚಿಕ್ಕದಿರಬೇಕು. 1 ಸೆಂ.ಮೀ. ಹರವಿನ ಮರಿಗೆ ಬಟ್ಟೆ ಹೊಲಿಯುವ ಸೂಜಿಯ ತೂತು. 5 ಸೆಂ.ಮೀ. ಜೇಡಕ್ಕೆ 2 ಮಿ.ಮೀ. ದೊಡ್ಡದಕ್ಕೆ 3 ಮಿ.ಮೀ. ದಬ್ಬಣದಲ್ಲಿ ಹಾಕಿದ ತೂತು ಬಿಸಿಗೆ ಹಿಗ್ಗಿ ಅಂದಾಜಿಗಿಂತ ದೊಡ್ಡದಾಗುತ್ತದೆ, ಅದಕ್ಕೇ ಮೊದಲು ಮುಚ್ಚಳದ ಅಂಚಿನಲ್ಲೋ ಬೇರೆ ಹಳೆ ಡಬ್ಬದಲ್ಲೋ ಒಂದು ಹಾಕಿ ಅಳೆಯಿರಿ.

ನನ್ನ ಒಂದು ಮರಿ 2 ಮಿ.ಮೀ. ತೂತಿನಿಂದ ಹೋಗಿಬಿಟ್ಟಿತ್ತು. ಕಣ್ಣಲ್ಲಿ ನೋಡಿದರೆ ಸಾಧ್ಯವೇ ಇಲ್ಲ ಅನ್ನಿಸೋದು. ನಾಲ್ಕನೇ ದಿನ ಪುಸ್ತಕದ ಕಪಾಟಿನ ಹಿಂದೆ ಸಿಕ್ಕಿತು, ಒಣಗಿ ಅಕ್ಕಿಕಾಳಿನ ಹಾಗಾಗಿತ್ತು.

ಎಲ್ಲಿ ಹಾಕಬೇಕು? ಮುಚ್ಚಳದಲ್ಲಿ ಮಾತ್ರ ತೂತು ಹಾಕಿದರೆ ಒಳಗಿನ ಗಾಳಿ ಕದಲುವುದಿಲ್ಲ. ತಳದ ತೇವದ ಗಾಳಿ ತಳದಲ್ಲೇ ನಿಲ್ಲುತ್ತದೆ, ಬೂಸ್ಟು ಬರುತ್ತದೆ. ಮನೆಯಲ್ಲಿ ಎದುರುಬದುರು ಕಿಟಕಿ ಇದ್ದರೆ ಗಾಳಿ ಆಡುತ್ತದೆ ಅಲ್ವಾ, ಇಲ್ಲಿಯೂ ಅದೇ. ಎದುರುಬದುರಿನ ಎರಡು ಗೋಡೆ ಆರಿಸಿ. ಒಂದು ಗೋಡೆಯಲ್ಲಿ ಮಣ್ಣಿನ ಮಟ್ಟಕ್ಕಿಂತ 2 ಸೆಂ.ಮೀ. ಮೇಲೆ ಒಂದು ಸಾಲು. ಎದುರು ಗೋಡೆಯಲ್ಲಿ ಮುಚ್ಚಳದ ಹತ್ತಿರ ಒಂದು ಸಾಲು. ಸಾಲಿಗೆ ಎಂಟು ಹತ್ತು ತೂತು, ನಡುವೆ 1 ಸೆಂ.ಮೀ. ಅಂತರ. ಮಣ್ಣಿನ ಮಟ್ಟವನ್ನು ಮೊದಲೇ ಮಾರ್ಕರಿನಲ್ಲಿ ಗೆರೆ ಎಳೆದುಕೊಳ್ಳಿ. ಗೆರೆಯ ಕೆಳಗೆ ತೂತು ಹಾಕಿದರೆ ಮಣ್ಣು ಉದುರುತ್ತದೆ, ಇರುವೆಗೆ ಬಾಗಿಲು ತೆಗೆದ ಹಾಗೂ ಆಗುತ್ತದೆ.

ಊರು ನೋಡಿಕೊಂಡು ಎಣಿಕೆ ಬದಲಿಸಿ. ಮಂಗಳೂರು, ಉಡುಪಿ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಸ್ಟು ಬರುತ್ತದೆ. ಅಲ್ಲಿ ಎರಡೂ ಗೋಡೆಗೆ ಎರಡೆರಡು ಸಾಲು ಬೇಕು. ಬಳ್ಳಾರಿ, ಕಲಬುರಗಿಯ ಬೇಸಿಗೆಗೆ ಒಂದೊಂದು ಸಾಲು ಸಾಕು, ಇಲ್ಲದಿದ್ದರೆ ಸಂಜೆಯೊಳಗೆ ಮಣ್ಣು ಒಣಗುತ್ತದೆ. ಬೆಂಗಳೂರು, ಮೈಸೂರಿನವರು ಮೇಲೆ ಹೇಳಿದ ಹಾಗೆ ಮಾಡಿ, ಮಳೆಗಾಲದಲ್ಲಿ ಮುಚ್ಚಳಕ್ಕೆ ನಾಲ್ಕಾರು ಸೇರಿಸಿ. ಕಡಿಮೆಯಿಂದ ಶುರು ಮಾಡಿ. ತೂತು ಸೇರಿಸಬಹುದು, ಹಾಕಿದ್ದನ್ನು ಮುಚ್ಚೋದು ಕಷ್ಟ.

ಹೇಗೆ ಹಾಕಬೇಕು? ಡಬ್ಬದ ಒಳಗಿನಿಂದ ಹೊರಗೆ ಚುಚ್ಚಿ. ಹೊರಗಿನಿಂದ ಚುಚ್ಚಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ಮುಳ್ಳಿನ ಹಾಗೆ ನಿಲ್ಲುತ್ತದೆ, ಜೇಡದ ಕಾಲಿನ ಉಗುರು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಡಬ್ಬ ಚಿಕ್ಕದಾಗಿ ಒಳಗೆ ಕೈ ಹೋಗದಿದ್ದರೆ ಹೊರಗಿನಿಂದಲೇ ಚುಚ್ಚಿ, ತಣ್ಣಗಾದ ಮೇಲೆ ಒಳಗಡೆ ಸ್ಯಾಂಡ್ ಪೇಪರಿನಿಂದ ನಯ ಮಾಡಿ. ಪರೀಕ್ಷೆಗೆ ಒಂದು ಹತ್ತಿ ಉಂಡೆ ತಗೊಂಡು ಒಳಗೋಡೆಗೆ ಸವರಿ. ಹತ್ತಿಯ ಎಳೆ ಎಲ್ಲಾದರೂ ಸಿಕ್ಕಿದರೆ ಅಲ್ಲಿ ಇನ್ನೂ ಮುಳ್ಳಿದೆ.

ಈ ಕೆಲಸ ಟೆರೇಸಿನಲ್ಲೋ ತೆರೆದ ಕಿಟಕಿಯ ಪಕ್ಕವೋ ಮಾಡಿ. ಪ್ಲಾಸ್ಟಿಕ್ ಕರಗಿದ ಹೊಗೆ ಕುಡಿಯೋದು ಬೇಡ. ಸೂಜಿಯನ್ನು ಇಕ್ಕಳದಲ್ಲೇ ಹಿಡಿಯಿರಿ.

ಜಾಲರಿ ಬೇಡ. ಮುಚ್ಚಳದಲ್ಲಿ ದೊಡ್ಡ ಕಿಂಡಿ ಕತ್ತರಿಸಿ ಸೊಳ್ಳೆ ಪರದೆಯ ಜಾಲರಿ ಅಂಟಿಸುವುದು ನೋಡೋಕೆ ಚಂದ. ನೈಲಾನ್ ಜಾಲರಿಯನ್ನು ಟರಾಂಟುಲಾ ಹಲ್ಲಿನಿಂದ ಹರಿದು ಹಾಕುತ್ತದೆ. ಲೋಹದ ಜಾಲರಿಗೆ ಕಾಲಿನ ಉಗುರು ಸಿಕ್ಕಿ ತಲೆಕೆಳಗಾಗಿ ನೇತಾಡುತ್ತದೆ, ಕಾಲೇ ಕಳಚಿಹೋಗುವುದೂ ಇದೆ.

## ಹಂತ 5: ಮುಚ್ಚಳ ಪರೀಕ್ಷೆ

ಡಬ್ಬಕ್ಕೆ ಅರ್ಧ ಅಕ್ಕಿ ತುಂಬಿ, ಮುಚ್ಚಳ ಹಾಕಿ, ಮುಚ್ಚಳವನ್ನಷ್ಟೇ ಹಿಡಿದು ಎತ್ತಿ. ಎರಡು ಸಲ ಕುಲುಕಿ. ಬಿಚ್ಚಿಕೊಂಡರೆ ಆ ಡಬ್ಬ ಬೇಡ. ಬಿಸಿ ಸಾರು ಬಂದ ಪಾರ್ಸೆಲ್ ಡಬ್ಬದ ಮುಚ್ಚಳ ಸೊಟ್ಟಗಾಗಿರುತ್ತದೆ, ಒಂದು ಮೂಲೆ ಕೂರುವುದೇ ಇಲ್ಲ. ಟರಾಂಟುಲಾ ರಾತ್ರಿಯಿಡೀ ಅಂಚು ತಡಕಾಡಿ ಸರಿಯಾಗಿ ಆ ಮೂಲೆಯನ್ನೇ ಹುಡುಕಿ ನೂಕುತ್ತದೆ.

ಸುಮಾರಾಗಿ ಗಟ್ಟಿ ಇದ್ದರೆ ಹೊರಗಿನಿಂದ ಎರಡು ರಬ್ಬರ್ ಬ್ಯಾಂಡ್ ಅಡ್ಡ ಉದ್ದ ಹಾಕಿ. ರಬ್ಬರ್ ನಮ್ಮ ಬಿಸಿಲಿಗೆ ಎರಡು ತಿಂಗಳಲ್ಲಿ ಪುಡಿಯಾಗುತ್ತದೆ, ನೆನಪಿಟ್ಟು ಬದಲಿಸಿ. ಅಂಟು ಟೇಪನ್ನು ಒಳಗಡೆ ಎಲ್ಲೂ ಬಳಸಬೇಡಿ. ಜೇಡ ಅಂಟಿಕೊಂಡರೆ ಬಿಡಿಸೋಕೆ ಹೋದಾಗ ಕಾಲು ಕಿತ್ತುಬರುತ್ತದೆ.

## ಹಂತ 6: ಮಣ್ಣು ತುಂಬುವುದು

ಕೋಕೋಪೀಟ್ ನಮ್ಮಲ್ಲಿ ಎಲ್ಲ ನರ್ಸರಿಯಲ್ಲೂ ಸಿಗುತ್ತದೆ. ಕೊಳ್ಳುವಾಗ "ಗೊಬ್ಬರ ಬೆರೆಸಿಲ್ಲ ತಾನೇ?" ಅಂತ ಎರಡು ಸಲ ಕೇಳಿ. ರೆಡಿ ಮಿಕ್ಸ್ ಚೀಲಗಳಲ್ಲಿ ಬೇವಿನ ಹಿಂಡಿ ಇರುತ್ತದೆ. ಗಿಡದ ಹುಳ ಕೊಲ್ಲೋಕೆ ಹಾಕಿದ್ದು ಜೇಡವನ್ನು ಬಿಡುತ್ತದೆಯೇ? ಎರೆಗೊಬ್ಬರವೂ ಬೇಡ, ಅದರ ಜೊತೆ ಸಣ್ಣ ನುಸಿಗಳು ಬರುತ್ತವೆ.

ಇಟ್ಟಿಗೆಯ ಹಾಗೆ ಒತ್ತಿದ ಕೋಕೋಪೀಟನ್ನು ನೀರಲ್ಲಿ ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಮತ್ತೊಮ್ಮೆ ನೆನೆಸಿ ಹಿಂಡಿ. ತೆಂಗಿನ ನಾರಿನಲ್ಲಿ ಉಪ್ಪಿನಂಶ ಇರುತ್ತದೆ, ಈ ತೊಳೆತಕ್ಕೆ ಅದು ಹೋಗುತ್ತದೆ. ಆಮೇಲೆ ಪೇಪರಿನ ಮೇಲೆ ಹರಡಿ ಅರ್ಧ ದಿನ ಆರಲು ಬಿಡಿ. ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಂಡಿ ನೋಡಿ. ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಬರಬಾರದು. ಅವಲಕ್ಕಿ ನೆನೆದ ಹದ ಇದ್ದರೆ ಸರಿ, ಇಡ್ಲಿ ಹಿಟ್ಟಿನ ಹದ ಬಂದಿದ್ದರೆ ಇನ್ನೂ ಆರಬೇಕು.

ತುಂಬುವಾಗ ಎರಡು ಸೆಂ.ಮೀ. ಹಾಕಿ, ಲೋಟದ ತಳದಿಂದ ಒತ್ತಿ. ಮತ್ತೆ ಎರಡು ಸೆಂ.ಮೀ., ಮತ್ತೆ ಒತ್ತಿ. ಸಡಿಲ ಮಣ್ಣಿನ ಮೇಲೆ ಟರಾಂಟುಲಾ ನಡೆಯಲು ಇಷ್ಟಪಡುವುದಿಲ್ಲ, ಅಗೆದ ಬಿಲವೂ ಕುಸಿಯುತ್ತದೆ. ಪೂರ್ತಿ ಕೋಕೋಪೀಟ್ ಬಿಲಕ್ಕೆ ಅಷ್ಟು ಗಟ್ಟಿಯಲ್ಲ. ನಾನು ಮೂರು ಪಾಲಿಗೆ ಒಂದು ಪಾಲು ಸಾದಾ ಮಣ್ಣು ಸೇರಿಸುತ್ತೇನೆ, ಔಷಧಿ ಹೊಡೆಯದ ಜಾಗದ್ದು, ಹಳೆ ಬಾಣಲೆಯಲ್ಲಿ ಹುರಿದು ಆರಿಸಿದ್ದು.

ಮರಿಗಳಿಗೆ ತಳದ ಮಣ್ಣು ತೇವ, ಮೇಲಿನದು ಒಣಗಿರಬೇಕು. ಇದಕ್ಕೊಂದು ಸುಲಭ ಉಪಾಯ: ಮಣ್ಣು ತುಂಬುವ ಮೊದಲು ಒಂದು ಮೂಲೆಯಲ್ಲಿ ಎಳನೀರಿನ ಸ್ಟ್ರಾ ನೆಟ್ಟಗೆ ನಿಲ್ಲಿಸಿ. ಮಣ್ಣಿನ ಮಟ್ಟಕ್ಕೆ ಸ್ಟ್ರಾ ಕತ್ತರಿಸಿ. ಆಮೇಲೆ ನೀರು ಅದರೊಳಗೇ ಹನಿಸಿದರೆ ನೇರ ತಳಕ್ಕೆ ಹೋಗುತ್ತದೆ, ಮೇಲೆ ಕೆಸರಾಗುವುದಿಲ್ಲ. ಮರಿ ಸ್ಟ್ರಾದೊಳಗೆ ಇಳಿಯದ ಹಾಗೆ ಬಾಯಿಗೆ ಒಂದು ಸಣ್ಣ ಕಲ್ಲು ಇಡಿ.

## ಹಂತ 7: ಅಡಗಲು ಜಾಗ, ಕುಡಿಯಲು ನೀರು

ಅರ್ಧ ಕರಟವನ್ನು ಬೋರಲಾಗಿ ಇಟ್ಟು, ಒಂದು ಅಂಚನ್ನು ಮುರಿದು ಬಾಗಿಲು ಮಾಡಿದರೆ ಮನೆ ತಯಾರು. ಕರಟದೊಳಗೆ ಕೊಬ್ಬರಿಯ ಚೂರೂ ಉಳಿಯಬಾರದು. ನಾನು ಒಂದು ಸಲ ಸೋಮಾರಿತನ ಮಾಡಿ ತೆಳು ಬಿಳಿ ಪದರ ಹಾಗೇ ಬಿಟ್ಟಿದ್ದೆ. ನಾಲ್ಕೇ ದಿನಕ್ಕೆ ಕರಟದ ಒಳಗೆ ಹತ್ತಿಯ ಹಾಗೆ ಬೂಸ್ಟು. ಕೆರೆದು, ಹತ್ತು ನಿಮಿಷ ಕುದಿಸಿ, ಎರಡು ದಿನ ಬಿಸಿಲಿಗೆ ಒಣಗಿಸಿ ಬಳಸಿ. ಮುರಿದ ಅಂಚನ್ನು ಉಜ್ಜಿ ಮೊಂಡು ಮಾಡಿ, ಬಿದ್ದರೆ ಚುಚ್ಚಬಾರದು. ಕರಟದ ಅರ್ಧ ಮಣ್ಣಿನೊಳಗೆ ಹೂತಿರಲಿ. ಮೇಲೆ ಸುಮ್ನೆ ಇಟ್ಟರೆ ಜೇಡ ಅಡಿಯಲ್ಲಿ ಅಗೆದಾಗ ಅದರ ಮೇಲೇ ಕೂರುತ್ತದೆ.

ನೀರಿಗೆ ಬಾಟಲಿಯ ಮುಚ್ಚಳ. ಸ್ಪಾಂಜ್, ಹತ್ತಿ ಹಾಕಬೇಡಿ, ಕೊಳೆಯುತ್ತದೆ. ಜೇಡ ಮುಳುಗುತ್ತೆ ಅನ್ನೋ ಭಯ ಬೇಡ. 1.5 ಸೆಂ.ಮೀ. ಒಳಗಿನ ಮರಿಗೆ ತಟ್ಟೆ ಬೇಕಾಗಿಲ್ಲ, ಗೋಡೆಗೆ ಒಂದು ಹನಿ ಅಂಟಿಸಿದರೆ ಕುಡಿಯುತ್ತದೆ.

## ಹಂತ 8: ಒಂದು ವಾರ ಖಾಲಿ ಇಡಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ಎಲ್ಲ ಜೋಡಿಸಿ, ಮುಚ್ಚಳ ಹಾಕಿ, ಜೇಡ ಇಡಬೇಕೆಂದಿರುವ ಜಾಗದಲ್ಲೇ ಏಳು ದಿನ ಇಡಿ. ದಿನಾ ಬೆಳಿಗ್ಗೆ ಗೋಡೆ ನೋಡಿ. ಅಂಚಿನಲ್ಲಿ ಸ್ವಲ್ಪ ಮಂಜು ಬಂದು ಮಧ್ಯಾಹ್ನಕ್ಕೆ ಹೋದರೆ ಸರಿ. ದಿನವಿಡೀ ಹನಿ ನಿಂತಿದ್ದರೆ ತೂತು ಸಾಲದು, ಇಲ್ಲವೇ ಮಣ್ಣು ಒದ್ದೆ ಜಾಸ್ತಿ. ಎರಡೇ ದಿನಕ್ಕೆ ಮಣ್ಣು ಗೋಡೆ ಬಿಟ್ಟು ಕುಗ್ಗಿದರೆ ಗಾಳಿ ಜಾಸ್ತಿಯಾಗಿದೆ.

ಇರುವೆ ದಾರಿಯೂ ಈ ವಾರದಲ್ಲೇ ಗೊತ್ತಾಗುತ್ತದೆ. ಬೆಲ್ಲದ ಡಬ್ಬವನ್ನು ಅಮ್ಮ ನೀರಿನ ತಟ್ಟೆಯಲ್ಲಿ ಇಡುತ್ತಿದ್ದುದು ನೆನಪಿದೆಯೇ? ಅದೇ ಉಪಾಯ ಇಲ್ಲಿಗೂ. ಅಗಲ ತಟ್ಟೆಯಲ್ಲಿ ನೀರು, ನಡುವೆ ಒಂದು ಬೋರಲು ಬಟ್ಟಲು, ಅದರ ಮೇಲೆ ಡಬ್ಬ. ಇರುವೆ ಸೀಮೆಸುಣ್ಣ ಮಾತ್ರ ಖಂಡಿತ ಬೇಡ.

## ಹಂತ 9: ಜೇಡವನ್ನು ಬಿಡುವುದು

ಫ್ಯಾನ್ ಆಫ್ ಮಾಡಿ. ಬಾಗಿಲು ಹಾಕಿ. ಎರಡೂ ಡಬ್ಬಗಳನ್ನು ಒಂದು ದೊಡ್ಡ ಟಬ್ಬಿನೊಳಗೆ, ನೆಲದ ಮೇಲೆ ಇಡಿ. ಮೇಜಿನ ಮೇಲೆ ಬೇಡ, ಓಡಿದರೆ ಬೀಳುತ್ತದೆ.

ಜೇಡದ ಮೇಲೆ ಲೋಟ ಬೋರಲು ಹಾಕಿ, ಕೆಳಗೆ ಗಟ್ಟಿ ಕಾಗದ ನಿಧಾನವಾಗಿ ತೂರಿಸಿ. ಲೋಟದ ಬಾಯಿಯನ್ನು ಹೊಸ ಡಬ್ಬದೊಳಗೆ ಇಟ್ಟು ಕಾಗದ ಎಳೆಯಿರಿ. ಹೊರಬರದಿದ್ದರೆ ಹಿಂಗಾಲನ್ನು ಬ್ರಷ್ಷಿನಿಂದ ಮುಟ್ಟಿ, ಊದಬೇಡಿ. ಅಮೆರಿಕ ಖಂಡದ ಬಹಳಷ್ಟು ಟರಾಂಟುಲಾಗಳು ಹೊಟ್ಟೆಯ ಮೇಲಿನ ತುರಿಕೆ ಕೂದಲನ್ನು ಕಾಲಿನಿಂದ ಒದ್ದು ಹಾರಿಸುತ್ತವೆ. ಕಣ್ಣಿಗೆ ಬಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕಾಗುತ್ತದೆ. ಹಳೆ ಮಣ್ಣು ಸುರಿಯುವಾಗಲೂ ಆ ಕೂದಲು ಏಳುತ್ತದೆ, ಕೈಗವಸು ಹಾಕಿ, ಮುಖ ದೂರವಿಡಿ.

ಬಿಟ್ಟ ಮೇಲೆ ಐದಾರು ದಿನ ಊಟ ಕೊಡಬೇಡಿ. ಆಮೇಲೆ ಜೇಡದ ಹೊಟ್ಟೆಗಿಂತ ದೊಡ್ಡದಲ್ಲದ ಒಂದು ಹುಳ. ಸಾಕಿದ ಹುಳವೇ ಆಗಲಿ, ಅಡುಗೆಮನೆಯಲ್ಲಿ ಹಿಡಿದ ಜಿರಳೆ ಬೇಡ, ಅದು ಎಲ್ಲಿ ಯಾವ ಔಷಧಿ ತಿಂದು ಬಂದಿದೆಯೋ. ತಿನ್ನದಿದ್ದರೆ ಮರುದಿನ ತೆಗೆದುಬಿಡಿ.

## ಹಂತ 10: ಎಲ್ಲಿ ಇಡಬೇಕು

ಬಿಸಿಲು ಬೀಳುವ ಕಿಟಕಿ ಬೇಡ. ಪ್ಲಾಸ್ಟಿಕ್ ಡಬ್ಬ ಬಿಸಿಲಲ್ಲಿ ಸ್ವಲ್ಪ ಹೊತ್ತಿಗೇ ಒಲೆಯಾಗುತ್ತದೆ. ಹೀಟರ್, ಬಲ್ಬು ನಮ್ಮ ಹವೆಗೆ ಬೇಕಾಗಿಲ್ಲ. ನೀವು ಸ್ವೆಟರ್ ಇಲ್ಲದೆ ಇರೋ ಕೋಣೆಯಲ್ಲಿ ಪುಲ್ಕ್ರಿಪೆಸ್ ಕೂಡ ಆರಾಮಾಗಿರುತ್ತದೆ.

ನಮ್ಮ ಮನೆಗಳ ದೊಡ್ಡ ಅಪಾಯ ಸೊಳ್ಳೆ ಲಿಕ್ವಿಡ್, ಸೊಳ್ಳೆ ಬತ್ತಿ ಮತ್ತು ಜಿರಳೆ ಸ್ಪ್ರೇ. ಸೊಳ್ಳೆಯನ್ನು ಕೊಲ್ಲುವ ಔಷಧಿ ಜೇಡಕ್ಕೂ ವಿಷವೇ. ಡಬ್ಬ ಇರುವ ಕೋಣೆಯಲ್ಲಿ ಅವು ಬೇಡ, ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಮನೆಗೆ ಗೆದ್ದಲು ಔಷಧಿ ಹೊಡೆಸುವ ದಿನ ಡಬ್ಬವನ್ನು ಗೆಳೆಯರ ಮನೆಗೆ ಸಾಗಿಸಿ.

ಇನ್ನೊಂದು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ "ಜೇಡ ಇದೆ, ತೆಗೆಯಬೇಡಿ" ಅಂತ ಬರೆಯಿರಿ. ನೋಡೋಕೆ ಅದು ಮೊನ್ನೆಯ ಬಿರಿಯಾನಿ ಡಬ್ಬವೇ ಅಲ್ವಾ. ಮನೆಗೆಲಸದವರು ಕಸಕ್ಕೆ ಹಾಕಿದರೆ ತಪ್ಪು ಅವರದ್ದಲ್ಲ, ಒಳಗೇನಿದೆ ನೋಡೋಣ ಅಂತ ತೆರೆದರೆ ಇನ್ನೂ ಕಷ್ಟ.

## ಮರ ಹತ್ತುವ ಜೇಡಕ್ಕೆ: ಜಾರ್ ತಲೆಕೆಳಗು

ಅವಿಕುಲೇರಿಯಾದಂಥ ಮರದ ಜೇಡಕ್ಕೆ ಎತ್ತರ ಬೇಕು, ಹರವಿನ ಮೂರರಿಂದ ನಾಲ್ಕು ಪಟ್ಟು. ತಿರುಪಿನ ಪೆಟ್ ಜಾರ್ ಸರಿಹೊಂದುತ್ತದೆ. ಆದರೆ ಇವು ಬಲೆ ಕಟ್ಟುವುದು ತೀರಾ ಮೇಲೆ, ಮುಚ್ಚಳಕ್ಕೆ ಅಂಟಿಕೊಂಡ ಹಾಗೆ. ಪ್ರತಿ ಸಲ ಮುಚ್ಚಳ ತೆರೆದಾಗ ಮನೆ ಹರಿದು, ಜೇಡ ನಿಮ್ಮ ಕೈಗೇ ಬರುತ್ತದೆ.

ಅದಕ್ಕೆ ಜಾರನ್ನು ತಲೆಕೆಳಗು ಮಾಡಿ. ಮುಚ್ಚಳವೇ ನೆಲ. ಅದರಲ್ಲಿ 2 ಸೆಂ.ಮೀ. ಮಣ್ಣು. ಒಂದು ತೊಗಟೆಯ ತುಂಡನ್ನು ಓರೆಯಾಗಿ ನಿಲ್ಲಿಸಿ, ಜಾರನ್ನು ಮೇಲಿಂದ ತಿರುಗಿಸಿ ಕೂರಿಸಿ. ನೀರಿನ ಮುಚ್ಚಳ ಬದಲಿಸುವಾಗ ಜಾರನ್ನು ಬಿಚ್ಚಿ ಮೇಲೆತ್ತಿದರೆ ಸಾಕು, ಬಲೆ ಮೇಲೆ ಹಾಗೇ ಉಳಿಯುತ್ತದೆ. ಅವಿಕುಲೇರಿಯಾ ಮರಿಗಳು ಉಸಿರುಗಟ್ಟುವ ಒದ್ದೆ ಡಬ್ಬದಲ್ಲಿ ಸಾಯುವುದಕ್ಕೆ ಹೆಸರಾಗಿವೆ. ಇವಕ್ಕೆ ಕೆಳಗೂ ಮೇಲೂ, ಎದುರುಬದುರು, ತೂತು ಧಾರಾಳವಾಗಿರಲಿ.

## ಎಚ್ಚರಿಕೆಯ ಗುರುತುಗಳು

ಹೊಸ ಡಬ್ಬದಲ್ಲಿ ಮೊದಲ ಮೂರು ನಾಲ್ಕು ದಿನ ಗೋಡೆ ಹತ್ತುವುದು ಮಾಮೂಲಿ. ವಾರ ಕಳೆದರೂ ಮಣ್ಣಿಗೆ ಕಾಲಿಡದಿದ್ದರೆ ಮಣ್ಣು ಒದ್ದೆ. ಆ ಹುಡುಗನ ಐಸ್‌ಕ್ರೀಮ್ ಡಬ್ಬದಲ್ಲಿ ಮೂರೇ ದಿನ ಆಗಿದ್ದರೂ ಗೋಡೆ ತುಂಬ ಹನಿ ಇತ್ತು, ಕಾರಣ ಇದೇ. ಮಣ್ಣು ಬದಲಿಸಿ, ಪಕ್ಕದಲ್ಲಿ ತೂತು ಹಾಕಿದ ಮೇಲೆ ಎರಡನೇ ರಾತ್ರಿಗೆ ಇಳಿಯಿತಂತೆ.

ತೂತಿನ ಸುತ್ತ ಬಿಳಿ ಗೀರು ಕಂಡರೆ ಅದು ಹಲ್ಲಿನ ಗುರುತು. ಹೊರಬರಲು ನೋಡುತ್ತಿದೆ. ಆ ತೂತು ದೊಡ್ಡದಾಗಿದೆಯಾ ಅಳೆಯಿರಿ, ಒಳಗಿನ ಹವೆ ಯಾಕೆ ಹಿಡಿಸಿಲ್ಲ ನೋಡಿ.

ನೀರಿನ ಮುಚ್ಚಳದ ಸುತ್ತ ಉಪ್ಪಿನ ಕಣದಷ್ಟು ಬಿಳಿ ಚುಕ್ಕೆಗಳು ಓಡಾಡಿದರೆ ನುಸಿ. ತಿಂದು ಉಳಿದ ಹುಳ ಎಲ್ಲೋ ಕೊಳೆಯುತ್ತಿದೆ. ಜೇಡವನ್ನು ಲೋಟಕ್ಕೆ ಹಾಕಿ, ಮಣ್ಣು ಪೂರ್ತಿ ಎಸೆದು, ಡಬ್ಬ ತೊಳೆದು ಒಣಗಿಸಿ ಹೊಸ ಮಣ್ಣು ಹಾಕಿ.

ಈಗ ಎಲ್ಲರೂ ಗೊಂದಲ ಮಾಡಿಕೊಳ್ಳುವ ವಿಷಯ. ಜೇಡ ಅಂಗಾತ ಬಿದ್ದಿದೆ, ಕಾಲು ಹರಡಿದೆ. ಅದು ಪೊರೆ ಬಿಡುತ್ತಿದೆ. ಮುಟ್ಟಬೇಡಿ, ನೀರು ಹಾಕಬೇಡಿ, ಡಬ್ಬ ಅಲುಗಿಸಬೇಡಿ. ದೊಡ್ಡ ಜೇಡಕ್ಕೆ ಎಷ್ಟೋ ಗಂಟೆ ಹಿಡಿಯುತ್ತದೆ. ಹೀಗೆ ಬಿದ್ದ ಜೇಡವನ್ನು ಸತ್ತಿದೆ ಅಂತ ಹೂತವರೂ ಇದ್ದಾರೆ. ಬೋರಲಾಗಿಯೇ ಕೂತು ಎಲ್ಲ ಕಾಲುಗಳನ್ನೂ ಹೊಟ್ಟೆಯಡಿ ಮುದುರಿಕೊಂಡಿದ್ದರೆ ಮಾತ್ರ ಗಾಬರಿಯ ವಿಷಯ. ಹೆಚ್ಚಿನ ಸಲ ನೀರಿನ ಕೊರತೆ. ಕೂಡಲೇ ಬಾಯಿ ನೀರಿಗೆ ತಾಗುವ ಹಾಗೆ ನೀರಿನ ಮುಚ್ಚಳದ ಅಂಚಿನಲ್ಲಿ ಕೂರಿಸಿ, ಹೊಟ್ಟೆ ಮುಳುಗದಷ್ಟು ಕಡಿಮೆ ನೀರಲ್ಲಿ. ಅದರ ಉಸಿರಿನ ದ್ವಾರ ಹೊಟ್ಟೆಯ ಅಡಿಯಲ್ಲಿದೆ, ಹೊಟ್ಟೆ ನೀರಲ್ಲಿ ಅದ್ದಬಾರದು.

ಬಿಲದ ಬಾಯಿಗೆ ಮಣ್ಣು ಹಾಕಿಕೊಂಡು ವಾರಗಟ್ಟಲೆ ಹೊರಬರದಿದ್ದರೆ, ಊಟ ಬಿಟ್ಟರೆ, ಹೊಟ್ಟೆ ಕಪ್ಪಗೆ ಹೊಳೆಯುತ್ತಿದ್ದರೆ ತಲೆಕೆಡಿಸಿಕೊಳ್ಳಬೇಡಿ, ಅಗೆದೂ ನೋಡಬೇಡಿ. ಪೊರೆ ಬಿಡುವ ಹೊತ್ತು ಹತ್ತಿರ ಬಂದಿದೆ. ನೀರು ಮಾತ್ರ ತುಂಬಿಸಿಡಿ, ಹುಳ ಒಳಗಿದ್ದರೆ ತೆಗೆಯಿರಿ. ಪೊರೆ ಬಿಟ್ಟ ಜೇಡ ಮೆತ್ತಗಿರುತ್ತದೆ, ಹುಳವೇ ಅದನ್ನು ಕಚ್ಚಿ ತಿನ್ನಬಹುದು. ಹಲ್ಲು ಕಪ್ಪಾಗಿ ಗಟ್ಟಿಯಾಗುವವರೆಗೆ ಊಟ ಬೇಡ. ಮರಿಗೆ ಒಂದು ವಾರ, ದೊಡ್ಡದಕ್ಕೆ ಎರಡು ವಾರ ಕಾಯಿರಿ.

## ಡಬ್ಬ ಬದಲಿಸುವುದು ಯಾವಾಗ?

ಕಾಲಿನ ಹರವು ಡಬ್ಬದ ಉದ್ದದ ಅರ್ಧ ದಾಟಿದಾಗ. ತಿಂಗಳಿಗೊಮ್ಮೆ ಬದಲಿಸುವ ಚಪಲ ಬೇಡ, ಪ್ರತಿ ಸಲವೂ ಅದು ಮೊದಲಿಂದ ಬಿಲ ಕಟ್ಟಬೇಕು. ಪೊರೆ ಬಿಟ್ಟು ಗಟ್ಟಿಯಾಗಿ, ಒಂದೆರಡು ಸಲ ತಿಂದ ಮೇಲೆ ಬದಲಿಸಿದರೆ ಒಳ್ಳೆಯದು. ಪೊರೆ ಬಿಟ್ಟ ತಾರೀಖನ್ನು ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿಡಿ, ಪಕ್ಕದಲ್ಲಿ ಆಗಿನ ಹರವು. ನನ್ನ ಒಂದು ಚಟ್ನಿ ಕಪ್ಪಿನ ಮುಚ್ಚಳದಲ್ಲಿ ಐದು ತಾರೀಖುಗಳಿವೆ. ಆ ಜೇಡ ಈಗ ಎರಡು ಲೀಟರಿನ ಡಬ್ಬದಲ್ಲಿದೆ, ಕಪ್ಪನ್ನು ತೊಳೆದು ಮುಂದಿನ ಮರಿಗೆ ಎತ್ತಿಟ್ಟಿದ್ದೇನೆ.